ಕಡವು ಯಾರದ್ದು? ಕಾಸರಗೋಡಿನ ಹೊಳೆದಾಟು, ಏಲಂ ಮತ್ತು ಒಡೆತನ

ಈ ಸರಣಿಯ ಹಿಂದಿನ ಮಾತುಗಳಲ್ಲಿ ಶಾಸನ, ಕೈಫಿಯತ್ತು, ಅರಮನೆ ಎಲ್ಲ ಬಂದುಹೋಯಿತು. ನಾನು ನಿಮ್ಮನ್ನು ಸ್ವಲ್ಪ ಕೆಳಗೆ, ಹೊಳೆಬದಿಗೆ ಕರೆದುಕೊಂಡು ಹೋಗುತ್ತೇನೆ.

ನಾನು ಪೈವಳಿಕೆಯವಳು. ನಮ್ಮ ಕಡೆ ಈಗ ಯಾರಾದರೂ ‘ಕಡವು’ ಅಂದರೆ ಮೊದಲು ನೆನಪಾಗುವುದು ಹೊಯ್ಗೆ. ಕೇರಳ ಸರಕಾರ 2001ರಲ್ಲಿ ನದಿದಂಡೆಗಳ ರಕ್ಷಣೆಗೆ, ಮರಳು ತೆಗೆಯುವುದರ ನಿಯಂತ್ರಣಕ್ಕೆ ಒಂದು ಕಾಯಿದೆ ಮಾಡಿತು. ಅದರಲ್ಲಿ ‘ಕಡವು’ ಎಂಬುದಕ್ಕೆ ಕೊಟ್ಟ ಅರ್ಥ: ಮರಳು ತೆಗೆಯುವ ಹೊಳೆದಡ. ಅದಕ್ಕೊಂದು ‘ಕಡವು ಕಮಿಟಿ’ಯೂ ಉಂಟು, ಮೇಲೆ ಜಿಲ್ಲಾಧಿಕಾರಿಯ ಪರಿಣತರ ಸಮಿತಿಯೂ ಉಂಟು. ಆದರೆ ನಮ್ಮ ಅಜ್ಜಿಗೆ ಕಡವು ಅಂದರೆ ದೋಣಿ. ಒಂದೇ ಶಬ್ದ, ಒಂದೇ ಹೊಳೆ, ಒಂದೇ ಜಾಗ. ಎರಡು ತಲೆಮಾರಿನೊಳಗೆ ಜನ ದಾಟುವ ಜಾಗದ ಹೆಸರು ಲಾರಿ ಇಳಿಯುವ ಜಾಗದ ಹೆಸರಾಯಿತು. ಇದು ಹೇಗಾಯಿತು ಎಂದು ಹುಡುಕಲು ಹೊರಟದ್ದೇ ಈ ಪ್ರಬಂಧ. ಹುಡುಕುತ್ತಾ ಹೋದ ಹಾಗೆ ಪ್ರಶ್ನೆ ಬದಲಾಯಿತು. ಕಡವಿಗೆ ಒಡೆಯ ಯಾರು? ಒಡೆಯನೂ ಅದನ್ನು ನಡೆಸುವವನೂ ಒಬ್ಬನೆಯೆ?

ಮೊದಲು ಶಬ್ದ. ತುಳುವಿನಲ್ಲಿ ‘ಕಡಪುನಿ’ ಅಂದರೆ ದಾಟುವುದು. ಕಡಪು, ಕಡವು ಎರಡೂ ಅದೇ ಬೇರಿನವು, ಮಲಯಾಳಕ್ಕೂ ಅದೇ ಬೇರು. ಕಡಲಬದಿಗೆ ಹೇಳುವ ‘ಕಡಪ್ಪುರ’ ಬೇರೆ, ಅದನ್ನು ಇದರ ಜೊತೆ ಸೇರಿಸಬಾರದು. ಕಾಸರಗೋಡಿನಲ್ಲಿ ತಳಂಗರೆ ಕಡವತ್, ಮೊಗ್ರಾಲ್ ಕಡವತ್, ಆರಿಕ್ಕಾಡಿ ಕಡವತ್ ಎಂಬ ಜಾಗಗಳು ಉಂಟಲ್ಲ, ಅಲ್ಲಿಗೆ ಹೋದರೆ ಇವತ್ತು ಅಂಗಡಿ, ಮನೆ, ಮಸೀದಿ ಕಾಣುತ್ತದೆ. ದೋಣಿ ಹೋಗಿ ಹೆಸರು ಉಳಿದಿದೆ. ಸ್ಥಳನಾಮದವರು ಇದನ್ನು ಒಂದು ಸಾಲಿನಲ್ಲಿ ಮುಗಿಸುತ್ತಾರೆ. ಆದರೆ ಹೆಸರು ಎಲ್ಲಿಂದ ಬಂತು ಎಂದು ಗೊತ್ತಾದ ಮೇಲೂ ಅಲ್ಲಿ ದುಡ್ಡು ಯಾರಿಗೆ ಹೋಗುತ್ತಿತ್ತು ಎಂಬುದು ಗೊತ್ತಾಗುವುದಿಲ್ಲ.

ಇಲ್ಲಿ ಒಂದು ವಿಂಗಡಣೆ ಬೇಕು. ಕಡವಿನಲ್ಲಿ ಮೂರು ಸೊತ್ತುಗಳಿವೆ. ಒಂದು, ನೆಲ: ಹೊಳೆ ಮತ್ತು ಅದರ ಎರಡು ದಡ. ಎರಡು, ದೋಣಿ: ಮರದ್ದು, ಮಾಡಿಸಿದವನದ್ದು. ಮೂರನೆಯದು ಕಣ್ಣಿಗೆ ಕಾಣದ್ದು: ಇಲ್ಲಿ ಜನರನ್ನು ದಾಟಿಸಿ ಹಣ ತೆಗೆದುಕೊಳ್ಳುವ ಹಕ್ಕು, ಜೊತೆಗೆ ಪಕ್ಕದಲ್ಲಿ ಇನ್ನೊಬ್ಬ ದೋಣಿ ಇಡದಂತೆ ತಡೆಯುವ ಹಕ್ಕು. ಇಂಗ್ಲಿಷ್ ಕಾನೂನು ಈ ಮೂರನೆಯದನ್ನು ನೆಲದಿಂದಲೂ ದೋಣಿಯಿಂದಲೂ ಬೇರೆ ಮಾಡಿ, ರಾಜ ಕೊಡುವ ವಿಶೇಷ ಹಕ್ಕು ಎಂದು ನೋಡಿತು. ಅಂದರೆ ಹೊಳೆ ನಿಮ್ಮದಲ್ಲದಿದ್ದರೂ, ದೋಣಿ ಕೂಡ ಬಾಡಿಗೆಯದ್ದಾದರೂ, ಕಡವು ನಿಮ್ಮದಾಗಿರಬಹುದು. ನಮ್ಮ ಕರಾವಳಿಯ ಕಡವುಗಳ ಚರಿತ್ರೆ ಅಂದರೆ ಈ ಮೂರನೆಯ ಸೊತ್ತನ್ನು ಬಿಡಿಸಿ ತೆಗೆದು ಮಾರಾಟಕ್ಕೆ ಇಟ್ಟ ಚರಿತ್ರೆ ಎಂಬುದು ನನ್ನ ವಾದ. ದೋಣಿ ನಡೆಸಿದವನ ಕೈಯಲ್ಲಿ ಅದು ಎಂದೂ ಇರಲಿಲ್ಲ.

ಹಾಗಾದರೆ ಬ್ರಿಟಿಷರಿಗಿಂತ ಮುಂಚೆ ಎಲ್ಲ ಸುಖವಾಗಿತ್ತಾ? ಇಲ್ಲ. ಸುಂಕ ಹಳೆಯದು. ಕೋಟಿ ಚೆನ್ನಯರ ಕಥೆಯಲ್ಲಿ ಸುಂಕದ ದೇರೆಯ ಜೊತೆ ಆಗುವ ಜಗಳ ನಿಮಗೆಲ್ಲ ಗೊತ್ತು. ದಾರಿ ಕೊಡುವ ಅಧಿಕಾರವನ್ನು ಹಣ ಮಾಡಿಕೊಳ್ಳುವವನ ಮೇಲೆ ಜನರಿಗಿದ್ದ ಸಿಟ್ಟು ಆ ಪ್ರಸಂಗದಲ್ಲಿ ಎಷ್ಟು ತಾಜಾ ಆಗಿದೆ ನೋಡಿ. ನಮ್ಮ ವರ್ಕಾಡಿ ಕಡೆಯಲ್ಲಿ ಸುಂಕದಕಟ್ಟೆ ಎಂಬ ಊರೇ ಇದೆ. ಕುಂಬಳೆಯ ರೇವು ಪೋರ್ಚುಗೀಸ್ ಬಾರ್ಬೊಸಾನ ಕಾಲಕ್ಕೇ, ಅಂದರೆ 16ನೇ ಶತಮಾನದ ಆರಂಭಕ್ಕೇ, ಮಾಲ್ಡೀವ್ಸಿಗೆ ಅಕ್ಕಿ ಕಳಿಸುತ್ತಿತ್ತು. ಅಂಥ ರೇವಿನ ಸುಂಕ ಅರಸನಿಗೆ ದೊಡ್ಡ ಆದಾಯ. ಆದರೆ ರೇವಿನ ಸುಂಕ ಬೇರೆ, ಹೊಳೆ ದಾಟಿಸುವ ಕೂಲಿ ಬೇರೆ. ಎರಡನ್ನೂ ನಾವು ‘ಬಂದರು’ ಎಂಬ ಒಂದೇ ಚೀಲಕ್ಕೆ ಹಾಕಿಬಿಡುತ್ತೇವೆ. ಕುಂಬಳೆಯಲ್ಲಿ ಹೊಳೆಬಾಯಿಯೂ ಉಂಟು, ಕಡವೂ ಉಂಟು. ಕಡಲಿಗೆ ಹೋಗುವ ಹಡಗಿನ ಮೇಲೆ ಒಂದು ಕಛೇರಿ, ಈ ದಡದಿಂದ ಆ ದಡಕ್ಕೆ ಹೋಗುವ ದೋಣಿಯ ಮೇಲೆ ಇನ್ನೊಂದು. ಬ್ರಿಟಿಷರ ಕಾಲಕ್ಕೆ ಈ ಭೇದ ಕಾಗದದಲ್ಲಿ ಗಟ್ಟಿಯಾಯಿತು. ಬಂದರುಗಳಿಗೆ 1908ರ ಬಂದರು ಕಾಯಿದೆ, ಕಡವುಗಳಿಗೆ ಪ್ರಾಂತ್ಯದ ಬೇರೆ ಕಾಯಿದೆ.

ಈಗ ನಕ್ಷೆ ಒಮ್ಮೆ ನೋಡಿ. ಸ್ಕ್ರೀನಿನಲ್ಲಿ ಕಾಣ್ತಾ ಇದೆ ಅಂದುಕೊಳ್ಳುತ್ತೇನೆ. ಮಂಗಳೂರಿನಿಂದ ಕಡಲಬದಿಯಲ್ಲೇ ತೆಂಕಕ್ಕೆ ನಡೆದರೆ ಮೊದಲು ನೇತ್ರಾವತಿ. ಆಮೇಲೆ ಮಂಜೇಶ್ವರ ಹೊಳೆ, ಬರೀ 16 ಕಿ.ಮೀ. ಉದ್ದ, ಕೇರಳದ ಅತಿ ಸಣ್ಣ ನದಿ ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿಸುತ್ತಾರೆ. ಆಮೇಲೆ ನಮ್ಮ ಉಪ್ಪಳ ಹೊಳೆ 50, ಶಿರಿಯ 67, ಮೊಗ್ರಾಲ್ 34, ಕೊನೆಗೆ ಚಂದ್ರಗಿರಿ 105 ಕಿ.ಮೀ. ಎಲ್ಲವೂ ಪಡುವಣಕ್ಕೆ ಹರಿಯುತ್ತವೆ, ದಾರಿ ಬಡಗಿನಿಂದ ತೆಂಕಿಗೆ. ಹಾಗಾಗಿ ಸೇತುವೆ ಇಲ್ಲದ ಕಾಲದಲ್ಲಿ ಪ್ರಯಾಣ ಎಂದರೆ ನಡಿಗೆಗಿಂತ ಹೆಚ್ಚಾಗಿ ಕಾಯುವುದು. 1801ರ ಜನವರಿಯಲ್ಲಿ ಫ್ರಾನ್ಸಿಸ್ ಬುಕಾನನ್ ಮಲಬಾರಿನಿಂದ ಕೆನರಾಕ್ಕೆ ಬಂದದ್ದೂ ಈ ಹೊಳೆಗಳನ್ನು ಒಂದೊಂದಾಗಿ ದಾಟಿಯೇ. ಇಂಥ ನೆಲದಲ್ಲಿ ಕಡವು ಹಿಡಿದವನಿಗೆ ಸಣ್ಣ ಅಧಿಕಾರವಲ್ಲ.

ಬುಕಾನನ್ ಬರುವ ಹೊತ್ತಿಗೆ ಕೆನರಾ ಕಂಪೆನಿಯ ಕೈಗೆ ಬಂದು ಎರಡು ವರ್ಷವೂ ಆಗಿರಲಿಲ್ಲ. 1799ರಲ್ಲಿ ಥಾಮಸ್ ಮನ್ರೋ ಇಲ್ಲಿಯ ಮೊದಲ ಕಲೆಕ್ಟರ್. ಬಂಗಾಳದ ಹಾಗೆ ಇಲ್ಲಿ ದೊಡ್ಡ ಜಮೀನ್ದಾರರಿಗೆ ಊರುಗಳನ್ನು ಬರೆದುಕೊಡಲಿಲ್ಲ. ತೀರ್ವೆ ಕಟ್ಟುವ ವರ್ಗದಾರನ ಜೊತೆ ಸರಕಾರದ ನೇರ ಲೆಕ್ಕ. ಇದರ ಒಂದು ಪರಿಣಾಮವನ್ನು ನಮ್ಮ ಭೂಚರಿತ್ರೆಯವರು ಹೆಚ್ಚು ಗಮನಿಸಿದಂತೆ ಕಾಣುವುದಿಲ್ಲ. ಬಂಗಾಳದಲ್ಲಿ ಘಾಟು ಎಷ್ಟೋ ಕಡೆ ಜಮೀನ್ದಾರನ ಆಸ್ತಿಯ ಭಾಗವಾಗಿತ್ತು. ಇಲ್ಲಿ ಹೊಳೆ ಯಾರ ವರ್ಗಕ್ಕೂ ಸೇರದೆ ‘ಹೊಳೆ ಪರಂಬೋಕು’ ಆಯಿತು. ಪರಂಬೋಕು ಅಂದರೆ ತೀರ್ವೆ ಇಲ್ಲದ, ಸರಕಾರದ ಜಾಗ. ಹಳೆ ಅಡಂಗಲ್ ನೋಡಿದವರಿಗೆ ಈ ಶಬ್ದ ಗೊತ್ತು. ನಮ್ಮಲ್ಲಿ ಈಗಲೂ ಯಾರಿಗೂ ಬೇಡದವನನ್ನು ‘ಪರಂಬೋಕು’ ಎಂದು ಬೈಯುತ್ತೇವೆ! ಬೈಗುಳವಾದ ಈ ಶಬ್ದ ನಿಜವಾಗಿ ಒಡೆತನದ ದೊಡ್ಡ ಘೋಷಣೆ. ಯಾರದ್ದೂ ಅಲ್ಲ ಎಂದರೆ ಸರಕಾರದ್ದು ಎಂದು ಅರ್ಥ.

1862ರಲ್ಲಿ ಉತ್ತರ ಕೆನರಾ ಮುಂಬಯಿ ಪ್ರಾಂತ್ಯಕ್ಕೆ ಹೋಯಿತು, ದಕ್ಷಿಣ ಕೆನರಾ ಮದ್ರಾಸಿನಲ್ಲೇ ಉಳಿಯಿತು. ಹೀಗೆ ಒಂದೇ ಕರಾವಳಿಯ ಕಡವುಗಳಿಗೆ ಎರಡು ಕಾನೂನು ಬಂತು: ಮೇಲ್ಭಾಗಕ್ಕೆ ಮುಂಬಯಿಯ 1868ರ ಫೆರ್ರಿ ಕಾಯಿದೆ, ನಮಗೆ ಮದ್ರಾಸಿನ 1890ರ ಕಾಲುವೆ ಮತ್ತು ಸಾರ್ವಜನಿಕ ಫೆರ್ರಿ ಕಾಯಿದೆ. ಹೆಸರಿನಲ್ಲೇ ನೋಡಿ, ಮದ್ರಾಸಿನವರು ಕಡವನ್ನು ಕಾಲುವೆಯ ಜೊತೆ ಕಟ್ಟಿದರು. ಅವರ ಕಣ್ಣೆದುರು ಇದ್ದದ್ದು ಗೋದಾವರಿ, ಕೃಷ್ಣೆಯ ದೊಡ್ಡ ಕಾಲುವೆಗಳು, ಬಕಿಂಗ್‌ಹ್ಯಾಂ ಕಾಲುವೆ. ಮಳೆಗಾಲಕ್ಕೆ ಉಕ್ಕಿ ಬೇಸಗೆಗೆ ಮೊಣಕಾಲು ನೀರಾಗುವ ನಮ್ಮ ಹೊಳೆ ಅಲ್ಲ.

ಆ ಕಾಲದ ಈ ಫೆರ್ರಿ ಕಾಯಿದೆಗಳಿಗೆಲ್ಲ ಅಸ್ಥಿಪಂಜರ ಸುಮಾರಾಗಿ ಒಂದೇ. ಸರಕಾರ ಒಂದು ಕಡವನ್ನು ‘ಸಾರ್ವಜನಿಕ’ ಎಂದು ಗಜೆಟಿನಲ್ಲಿ ಘೋಷಿಸುತ್ತದೆ. ಆಮೇಲೆ ಅಲ್ಲಿ ದಾಟಿಸಿ ಹಣ ತೆಗೆದುಕೊಳ್ಳುವ ಹಕ್ಕು ಸರಕಾರದ್ದು. ಅದನ್ನು ಅವಧಿಗೆ ಏಲಂ ಹಾಕಬಹುದು. ಹತ್ತಿರದಲ್ಲಿ ಇನ್ನೊಬ್ಬ ಹಣಕ್ಕೆ ದಾಟಿಸಿದರೆ ತಪ್ಪು. ಉತ್ತರ ಹಿಂದೂಸ್ಥಾನದ 1878ರ ಕಾಯಿದೆಯಲ್ಲಿ ಆ ದೂರ ಎರಡು ಮೈಲು. ದರದ ಪಟ್ಟಿಯನ್ನು ಜನರಿಗೆ ಕಾಣುವಲ್ಲಿ ತೂಗುಹಾಕಬೇಕು. ಮನುಷ್ಯನಿಗೆ ಇಷ್ಟು, ದನಕ್ಕೆ ಇಷ್ಟು, ಗಾಡಿಗೆ ಇಷ್ಟು. ಗುತ್ತಿಗೆದಾರ ಹೆಚ್ಚು ಕೇಳಿದರೆ ದಂಡ. ಕಾಗದದ ಮೇಲೆ ಇದು ದಾಟುವವನ ರಕ್ಷಣೆಯೂ ಹೌದು. ಅದನ್ನು ಅಲ್ಲಗಳೆಯಬೇಕಾಗಿಲ್ಲ. ಸುಂಕದ ದೇರೆಯ ಕಟ್ಟೆಯಲ್ಲಿ ದರಪಟ್ಟಿ ಇರಲಿಲ್ಲ!

ಇನ್ನು ಆಡಳಿತ. 1884ರ ಕಾಯಿದೆಯಿಂದ ಮದ್ರಾಸಿನಲ್ಲಿ ಜಿಲ್ಲಾ ಬೋರ್ಡು, ತಾಲೂಕು ಬೋರ್ಡುಗಳು ಬಂದವು. ರಸ್ತೆ, ಶಾಲೆ, ಆಸ್ಪತ್ರೆ ಅವರ ಹೊಣೆ, ಆದರೆ ಕೈಯಲ್ಲಿ ದುಡ್ಡು ಕಡಮೆ. ಸಂತೆ, ಟೋಲು, ಕಡವು ಇಂಥವೇ ಅವರ ಆದಾಯದ ಬಾಬತ್ತು. ಹೀಗೆ ಕಡವಿಗೆ ನಾಲ್ಕು ಮೆಟ್ಟಿಲು ಆಯಿತು. ಮೇಲೆ ಹಕ್ಕಿನ ಒಡೆಯ ಸರಕಾರ, ಅದರ ಕೆಳಗೆ ಆದಾಯ ಪಡೆಯುವ ಬೋರ್ಡು, ಅದರ ಕೆಳಗೆ ಏಲಂ ಹಿಡಿದ ಗುತ್ತಿಗೆದಾರ, ಎಲ್ಲಕ್ಕಿಂತ ಕೆಳಗೆ ಗಳ ಹಾಕುವವನು. ಗುತ್ತಿಗೆದಾರನಿಗೆ ಈಜು ಬರಬೇಕೆಂದಿಲ್ಲ, ದುಡ್ಡು ಇದ್ದರೆ ಸಾಕು. ದೋಣಿಯವನೇ ಏಲಂ ಹಿಡಿಯಬಾರದು ಎಂದು ಯಾವ ಕಾನೂನೂ ಹೇಳಲಿಲ್ಲ. ಆದರೆ ಮುಂಗಡ ಕಟ್ಟಲು ಅವನಲ್ಲಿ ಎಲ್ಲಿತ್ತು?

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಕರಾವಳಿಯಲ್ಲಿ ಮೂಲಗೇಣಿ, ಚಾಲಗೇಣಿ ಎಂಬ ಎರಡು ಗೇಣಿಗಳಿದ್ದದ್ದು ಗೊತ್ತಲ್ಲ. ಮೂಲಗೇಣಿಯವನನ್ನು ಸುಮ್ಮನೆ ಎಬ್ಬಿಸುವ ಹಾಗಿಲ್ಲ, ಗೇಣಿಯೂ ನಿಶ್ಚಿತ. ಚಾಲಗೇಣಿಯವನನ್ನು ಧಣಿ ವರ್ಷ ಕಳೆದರೆ ಬಿಡಿಸಬಹುದು. ಏಲಂ ಕಡವು ಅಂದರೆ ನೀರಿನ ಮೇಲಿನ ಚಾಲಗೇಣಿ. ವ್ಯತ್ಯಾಸ ಏನೆಂದರೆ ಇಲ್ಲಿ ಧಣಿಗೆ ಮುಖ ಇಲ್ಲ. ಹೋಗಿ ಕಾಲು ಹಿಡಿಯಲೂ ಆಗುವುದಿಲ್ಲ.

ಇದು ದೊಡ್ಡ ಕಡವುಗಳ ಮಾತು. ಘೋಷಣೆ ಆಗದ ಒಳನಾಡಿನ ಸಣ್ಣ ಕಡವುಗಳಿಗೆ ಈ ಕಾನೂನು ಇಳಿಯಲಿಲ್ಲ. ಪೈವಳಿಕೆಯ ಕಡೆ ಬೇಸಗೆಯಲ್ಲಿ ಹೊಳೆಯನ್ನು ನಡೆದೇ ದಾಟುವುದು, ಸಣ್ಣ ತೋಡಿಗೆ ಅಡಿಕೆಮರದ ಕಾಲುಸಂಕ. ಆಟಿ ತಿಂಗಳಲ್ಲಿ ಸಂಕ ಬೊಳ್ಳಕ್ಕೆ ಹೋದ ಮೇಲೆ ದೋಣಿ. ನಮ್ಮ ಅಜ್ಜಿ ಹೇಳುವ ಪ್ರಕಾರ ಅವರ ಮನೆಯವರು ದಾಟಿದ್ದಕ್ಕೆ ದಿನದ ದುಡ್ಡು ಕೊಡುತ್ತಿರಲಿಲ್ಲ. ಏಣೆಲು ಕೊಯ್ಲು ಆದ ಮೇಲೆ ದೋಣಿಯವನು ಅಂಗಳಕ್ಕೆ ಬಂದು ನಿಲ್ಲುತ್ತಿದ್ದ, ಮನೆಗೆ ಇಷ್ಟು ಸೇರು ಭತ್ತ ಎಂದು ಅಳೆದು ಕೊಡುತ್ತಿದ್ದರು. ಕ್ಷೌರಿಕ, ಮಡಿವಾಳ, ಕಮ್ಮಾರರಿಗೆ ಕೊಡುವ ಹಾಗೆಯೇ. ‘ಅವನಿಗೆ ಕೊಡದಿದ್ದರೆ?’ ಎಂದು ಕೇಳಿದೆ. ‘ಕೊಡದಿದ್ದರೆ ಮುಂದಿನ ಆಟಿಯಲ್ಲಿ ಆಚೆ ದಡದಲ್ಲಿ ನಿಂತು ಕೂ ಹಾಕು, ಅವನಿಗೆ ಕೇಳುವುದಿಲ್ಲ’ ಎಂದರು. ಇದೂ ಒಂದು ಆಡಳಿತವೇ. ಆದರೆ ಇದನ್ನು ಚೆಂದ ಮಾಡಿ ಹೇಳಲು ನನಗೆ ಮನಸ್ಸಿಲ್ಲ. ಅಂಗಳಕ್ಕೆ ಬಂದವನು ಜಗಲಿಗೆ ಹತ್ತುತ್ತಿರಲಿಲ್ಲ. ಯಾರನ್ನು ಮೊದಲು ದಾಟಿಸಬೇಕು, ಯಾರ ಜೊತೆ ಯಾರು ಒಂದೇ ದೋಣಿಯಲ್ಲಿ ಕೂರಬಾರದು ಎಂಬುದೂ ಊರಿನ ಕಟ್ಟುಪಾಡೇ ಆಗಿತ್ತು. ಏಲಂ ಕಡವಿನಲ್ಲಿ ಕಾಸು ಕೊಟ್ಟವನಿಗೆ ಜಾಗ ಎಂಬ ನಿಯಮವಾದರೂ ಇತ್ತು. ಎರಡು ಬಗೆಯ ಕಡವಿನಲ್ಲೂ ದೋಣಿಯವನ ಸ್ಥಾನ ಮಾತ್ರ ಮೇಲೆ ಬರಲಿಲ್ಲ.

1956 ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಸೇರಿತು. ಈ ವಿಚಾರದಲ್ಲಿ ನಮ್ಮವರು ಬರೆದದ್ದು ಬೇಕಾದಷ್ಟಿದೆ, ನಾನು ಅದನ್ನು ಮತ್ತೆ ಹೇಳುವುದಿಲ್ಲ. ಕಡವಿನ ಮಟ್ಟಿಗೆ ಎರಡು ಮಾತು. ಒಂದು, ದಾಟುವ ಹೊಳೆಯೇ ಗಡಿಯ ವಾದಕ್ಕೆ ಬಂತು. 1967ರಲ್ಲಿ ಮಹಾಜನ ಆಯೋಗ ಚಂದ್ರಗಿರಿ–ಪಯಸ್ವಿನಿಯ ಬಡಗಿನ ಭಾಗ ಕರ್ನಾಟಕಕ್ಕೆ ಸೇರಬೇಕು ಎಂದಿತು. ತುಳುನಾಡಿಗೂ ಮಲಯಾಳ ನಾಡಿಗೂ ಚಂದ್ರಗಿರಿಯೇ ಎಲ್ಲೆ ಎಂಬ ಹಳೆಯ ನಂಬಿಕೆ ಅದರ ಹಿಂದೆ ಉಂಟು. ಆದರೆ ಕಡವಿನಲ್ಲಿ ನಿಂತು ನೋಡಿದರೆ ಹೊಳೆ ಎಲ್ಲೆಯಾಗಿ ಕಾಣುವುದಿಲ್ಲ, ಎರಡು ದಡಕ್ಕೂ ನೆಂಟಸ್ತಿಕೆ ಇರುವ ಜಾಗವಾಗಿ ಕಾಣುತ್ತದೆ. ಎರಡನೆಯದು, ಆಡಳಿತದ ಭಾಷೆ. ತಾಲೂಕು 1957ರಿಂದ ಕಣ್ಣಾನೂರು ಜಿಲ್ಲೆಯಲ್ಲಿ, 1984ರಿಂದ ಸ್ವಂತ ಜಿಲ್ಲೆ. ಕಾಗದಗಳು ಕನ್ನಡ, ಇಂಗ್ಲಿಷಿನಿಂದ ಮಲಯಾಳಕ್ಕೆ ಸರಿದವು. ಮಲಯಾಳದಲ್ಲಿ ಹೊಳೆ ದಾಟಿಸುವುದಕ್ಕೆ ‘ಕಡತ್ತ್’ ಎನ್ನುತ್ತಾರೆ. ಆ ಕಡತ್ತಿನ ಚರಿತ್ರೆ ಬೇಕಾದರೆ ನಮ್ಮ ಕನ್ನಡದ ‘ಕಡತ’ ಬಿಚ್ಚಬೇಕು ಎಂದು ಗೆಳತಿಯೊಬ್ಬಳು ತಮಾಷೆ ಮಾಡುತ್ತಾಳೆ. 1994ರ ಕೇರಳ ಪಂಚಾಯತ್ ರಾಜ್ ಕಾಯಿದೆಯಲ್ಲಿ ಗ್ರಾಮ ಪಂಚಾಯತು ಮಾಡಲೇಬೇಕಾದ ಕೆಲಸಗಳ ಪಟ್ಟಿಯಲ್ಲಿ ಕಡತ್ತು ಏರ್ಪಡಿಸುವುದೂ ಸೇರಿದೆ. ಅಂದರೆ ಬೋರ್ಡಿಗೆ ಆದಾಯವಾಗಿದ್ದ ಕಡವು ಪಂಚಾಯತಿಗೆ ಕರ್ತವ್ಯ ಆಯಿತು. ಅಷ್ಟು ಹೊತ್ತಿಗೆ ಹೆಚ್ಚಿನ ಕಡವುಗಳ ಮೇಲೆ ಸೇತುವೆ ಬಂದಾಗಿತ್ತು!

ಸೇತುವೆ ಒಂದೇ ದಿನ ಬರಲಿಲ್ಲ. 1907ರಲ್ಲಿ ರೈಲು ಮಂಗಳೂರು ಮುಟ್ಟಿದಾಗಲೇ ದೂರ ಹೋಗುವವರು ಕಡವು ಬಿಟ್ಟರು. ರಸ್ತೆಯ ಸೇತುವೆಗಳು ಒಂದೊಂದಾಗಿ ಬಂದ ಹಾಗೆ ಹತ್ತಿರದವರೂ ಬಿಟ್ಟರು. ಸೇತುವೆಗೆ ಜಾಗ ಕೊಟ್ಟ ಧಣಿಗೆ ಪರಿಹಾರ ಕೇಳುವ ಹಕ್ಕು ಉಂಟು, ಅವನದ್ದು ನೆಲ. ದೋಣಿಯವನದ್ದು ಏನು? ಹಕ್ಕು ಸರಕಾರದ್ದು, ಅವಧಿ ಗುತ್ತಿಗೆದಾರನದ್ದು. 1970ರ ಜನವರಿ 1ರಿಂದ ಕೇರಳದಲ್ಲಿ ಗೇಣಿ ಪದ್ಧತಿ ಹೋಗಿ ಒಕ್ಕಲಿಗೆ ಭೂಮಿ ಬಂತು. ಧಣಿಯ ಜಾಗದಲ್ಲಿ ಗುಡಿಸಲು ಕಟ್ಟಿದವನಿಗೂ ಪಂಚಾಯತು ಪ್ರದೇಶದಲ್ಲಿ 10 ಸೆಂಟ್ಸ್ ತನಕ ಹಕ್ಕು ಸಿಕ್ಕಿತು. ಈ ಸುಧಾರಣೆ ಎಷ್ಟು ದೊಡ್ಡದು ಎಂಬುದರಲ್ಲಿ ನನಗೆ ಅನುಮಾನ ಇಲ್ಲ, ನಮ್ಮ ಮನೆ ನಿಂತಿರುವುದೂ ಅಂಥ ನೆಲದಲ್ಲೇ. ಆದರೆ ಚಾಲಗೇಣಿಯ ಗದ್ದೆ ಉಳುತ್ತಿದ್ದವನು ಒಡೆಯನಾದಾಗ, ಅದೇ ಬಗೆಯ ವರ್ಷದ ಲೆಕ್ಕದಲ್ಲಿ ದೋಣಿ ನಡೆಸುತ್ತಿದ್ದವನಿಗೆ ಕಾನೂನಿನಲ್ಲಿ ಹೆಸರೇ ಇರಲಿಲ್ಲ. ಗುಡಿಸಲು ಧಣಿಯ ತೋಟದ ಬದಿಯಲ್ಲಿದ್ದರೆ 10 ಸೆಂಟ್ಸ್. ಅದೇ ನಾಲ್ಕು ಮಾರು ಈಚೆ, ಹೊಳೆ ಪರಂಬೋಕಿನಲ್ಲಿದ್ದರೆ ಆ ಹಕ್ಕೂ ಇಲ್ಲ. ನದಿಯನ್ನು ಯಾರದ್ದೂ ಅಲ್ಲ ಎಂದು ಬರೆದ ಆ ಹಳೆಯ ಶಬ್ದ 170 ವರ್ಷ ಆದ ಮೇಲೂ ಕೆಲಸ ಮಾಡಿತು.

ಬೇರೆ ದಾರಿ ಇರಲಿಲ್ಲವಾ ಎಂದು ಕೇಳಬಹುದು. ಇತ್ತು, ಇದೆ. ಮಂಗಳೂರಿನ ಹಳೆ ಬಂದರಿನಿಂದ ಬೆಂಗ್ರೆಗೆ ಹೋಗುವ ಫೆರ್ರಿಯನ್ನು ಆ ಊರಿನದ್ದೇ ಮಹಾಜನ ಸಭೆ ನಡೆಸಿಕೊಂಡು ಬಂದಿದೆ. ದಾಟುವವರೇ ದಾಟಿಸುವವರು. ನಮ್ಮ ಜಿಲ್ಲೆಯ ತೆಂಕ ತುದಿಯಲ್ಲಿ, ತೃಕ್ಕರಿಪುರದ ಹತ್ತಿರ ಆಯಿಟ್ಟಿಯಲ್ಲಿ, ರಾಜ್ಯ ಜಲಸಾರಿಗೆ ಇಲಾಖೆಯ ಬೋಟು ಇದೆ. ಅಲ್ಲಿ ಬೋಟು ಓಡಿಸುವವನು ಸಂಬಳದ ನೌಕರ. ಶರಾವತಿ ಹಿನ್ನೀರಿನ ಸಿಗಂದೂರು ಲಾಂಚನ್ನೂ ಸರಕಾರವೇ ನಡೆಸುತ್ತಿತ್ತು. ಅಲ್ಲಿ ಹೊಳೆಯನ್ನು ಅಗಲ ಮಾಡಿದ್ದೇ ಲಿಂಗನಮಕ್ಕಿ ಅಣೆಕಟ್ಟು. ಮುಳುಗಡೆಯ ಜನ ಸೇತುವೆಗಾಗಿ 2025ರ ಜುಲೈವರೆಗೆ ಕಾಯಬೇಕಾಯಿತು.

ದೂರದ ಒಂದು ಉದಾಹರಣೆ ಕೊಡುತ್ತೇನೆ, ಒಡೆತನದ ಪ್ರಶ್ನೆ ನಮ್ಮ ಬಡ ಹೊಳೆಗಳದ್ದು ಮಾತ್ರ ಅಲ್ಲ ಎಂದು ತೋರಿಸಲು. ಇಂಗ್ಲೆಂಡಿನ ಡೋವರ್ ಯುರೋಪಿನ ದೊಡ್ಡ ಫೆರ್ರಿ ಬಂದರು. ಅದನ್ನು 1606ರ ರಾಜಶಾಸನದಿಂದ ಹುಟ್ಟಿದ ಹಾರ್ಬರ್ ಬೋರ್ಡು ನಡೆಸುತ್ತದೆ. ಅದಕ್ಕೆ ಷೇರುದಾರರಿಲ್ಲ, ಟ್ರಸ್ಟಿನ ಹಾಗೆ. 2010ರಲ್ಲಿ ಅದನ್ನು ಖಾಸಗಿಗೆ ಮಾರುವ ಅರ್ಜಿ ಹೋಯಿತು. ಊರಿನವರು ಮಾರುವುದಾದರೆ ನಮಗೇ ಮಾರಿ ಎಂದು 2011ರಲ್ಲಿ ಮತ ಹಾಕಿದರು. 2012ರ ಕೊನೆಗೆ ಸರಕಾರ ಮಾರಾಟವನ್ನೇ ತಿರಸ್ಕರಿಸಿತು. ಷೇರುದಾರ ಇಲ್ಲದ ಬಂದರನ್ನು ಮಾರುವವರು ಯಾರು, ದುಡ್ಡು ಯಾರಿಗೆ ಎಂಬ ಜಗಳ ಅಲ್ಲಿ ಬಹಿರಂಗವಾಗಿ ಆಯಿತು. ನಮ್ಮ ಕಡವುಗಳಲ್ಲಿ ಆ ಜಗಳ ಆಗಲೇ ಇಲ್ಲ.

ಕೊನೆಗೆ ಸಾಹಿತ್ಯ. ನಮ್ಮ 12ನೇ ಶತಮಾನದಲ್ಲಿ ಅಂಬಿಗರ ಚೌಡಯ್ಯ ಇದ್ದಾನೆ, ಕಾಯಕದ ಹೆಸರಿನಲ್ಲೇ ಮಾತಾಡಿದವನು. ಆಮೇಲಿನ ಹಾಡುಗಳಲ್ಲಿ ಅಂಬಿಗ ದೇವರೇ ಆಗಿಬಿಟ್ಟ, ಹೊಳೆ ಸಂಸಾರವಾಯಿತು. ದೇವರಾದವನ ಕೂಲಿ ಎಷ್ಟು ಎಂದು ಯಾರು ಕೇಳುತ್ತಾರೆ? ನಮ್ಮ ಜಿಲ್ಲೆಯ ಹೊಳೆಯನ್ನು ರಾಜಕೀಯವಾಗಿ ನೋಡಿದ ಕನ್ನಡ ಕಾದಂಬರಿ ನಿರಂಜನರ ‘ಚಿರಸ್ಮರಣೆ’. 1941ರ ಮಾರ್ಚಿನಲ್ಲಿ ತೇಜಸ್ವಿನಿ ದಡದಲ್ಲಿ ಪೊಲೀಸನೊಬ್ಬ ಹೊಳೆಗೆ ಬಿದ್ದು ಸತ್ತದ್ದು, 1943ರಲ್ಲಿ ನಾಲ್ವರಿಗೆ ಗಲ್ಲಾದದ್ದು ಅದರ ಹಿನ್ನೆಲೆ. (ಅದು ಕಯ್ಯೂರು. ಪೈವಳಿಕೆಯ ಪಕ್ಕದ್ದು ಕಯ್ಯಾರು. ಬೆಂಗಳೂರಿನವರಿಗೆ ಇದನ್ನು ಪ್ರತಿಸಲ ಹೇಳಬೇಕಾಗುತ್ತದೆ.) ಅಲ್ಲಿಯೂ ಕೇಂದ್ರದಲ್ಲಿರುವುದು ರೈತ, ಅಂಬಿಗನಲ್ಲ. ಇದನ್ನು ದೋಷ ಎಂದು ಹೇಳುತ್ತಿಲ್ಲ. ನೆಲದ ಹಕ್ಕಿಗೆ ನಮ್ಮಲ್ಲಿ ಕಥೆ ಇದೆ, ದಾಟಿಸುವ ಹಕ್ಕಿಗೆ ಇಲ್ಲ ಎಂಬುದನ್ನು ಗಮನಕ್ಕೆ ತರುತ್ತಿದ್ದೇನೆ.

ಚರ್ಚೆಯ ಭಾಗ

ವಿಭಾಗದ ಅಧ್ಯಾಪಕರೊಬ್ಬರು ಕೇಳಿದ್ದು: ಕಾಯಿದೆ, ಏಲಂ ಇದೆಲ್ಲ ಚರಿತ್ರೆ ವಿಭಾಗದ್ದಲ್ವಾ? ಕನ್ನಡ ವಿದ್ಯಾರ್ಥಿ ಇದನ್ನು ಯಾಕೆ ಮಾಡಬೇಕು?

ಸರ್, ಶಬ್ದಕ್ಕಾಗಿ. ಪರಂಬೋಕು, ಏಲಂ, ಗುತ್ತಿಗೆ, ಕಡವು, ಬಾಬತ್ತು, ಇವು ಕನ್ನಡವೇ, ಆದರೆ ನಮ್ಮ ಪಠ್ಯದಲ್ಲಿ ಸಿಗುವ ಕನ್ನಡ ಅಲ್ಲ. ಇನ್ನೊಂದು ಕಾರಣ, ಕಯ್ಯಾರ ಕಿಞ್ಞಣ್ಣ ರೈಯವರು ಕವಿಯೂ ಹೌದು, ಬದಿಯಡ್ಕ ಪಂಚಾಯತಿನ ಅಧ್ಯಕ್ಷರೂ ಹೌದು. ನಮ್ಮಲ್ಲಿ ಕವಿತೆಯೂ ಪಂಚಾಯತಿನ ಪುಸ್ತಕವೂ ಒಂದೇ ಮೇಜಿನ ಮೇಲೆ ಇದ್ದ ಕಾಲ ಇತ್ತು.

ಸಹಪಾಠಿಯ ಪ್ರಶ್ನೆ: ಸೇತುವೆ ಬಂದದ್ದು ಒಳ್ಳೆಯದೇ ಅಲ್ವಾ?

ಖಂಡಿತ. ಮಳೆಗೆ ಶಾಲೆ ತಪ್ಪಿದವರು, ಹೆರಿಗೆಗೆ ದಾಟಲಾಗದವರು ನಮ್ಮ ಮನೆಯಲ್ಲೇ ಇದ್ದರು. ಸೇತುವೆ ಬೇಡ ಎಂದು ಯಾರೂ ಹೇಳುವುದಿಲ್ಲ, ಆ ದೋಣಿಯವನು ಕೂಡ ಹೇಳುತ್ತಿರಲಿಲ್ಲ. ನಾನು ನೋಡಬೇಕೆಂದಿರುವುದು ಲೆಕ್ಕ. ಹೊಯ್ಗೆಯ ಕಡವಿನಿಂದ ಬಂದ ಹಣದಲ್ಲಿ ಒಂದು ಪಾಲು ನದಿಯ ನಿಧಿಗೆ ಹೋಗಬೇಕು ಎಂದು 2001ರ ಕಾಯಿದೆ ಹೇಳುತ್ತದೆ. ಆ ಕಡವುಗಳಲ್ಲಿ ಹಳೆಯ ದೋಣಿ ಕಡವು ಎಷ್ಟು, ಅಲ್ಲಿ ಹೊಯ್ಗೆ ಹೊರುವವರು ಯಾರ ಮಕ್ಕಳು, ಇದನ್ನು ಪಂಚಾಯತಿನ ಹಳೆಯ ನಿರ್ಣಯ ಪುಸ್ತಕ ಇಟ್ಟುಕೊಂಡು ನೋಡಬೇಕು. ಪುಸ್ತಕಗಳು ಮಲಯಾಳ ಕೈಬರಹದಲ್ಲಿವೆ. ನನಗೆ ಅಚ್ಚಿನ ಮಲಯಾಳ ಓದಲು ಬರುತ್ತದೆ, ಗುಮಾಸ್ತರ ಕೈಬರಹ ಕಷ್ಟ. ಬರುವ ರಜೆಯಲ್ಲಿ ಜೊತೆಗೆ ಕೂತು ಓದಲು ಮನಸ್ಸಿರುವವರು ಚಾಟಿನಲ್ಲಿ ಹೆಸರು ಹಾಕಿ. ಊಟ ನಮ್ಮ ಮನೆಯಲ್ಲಿ.